ಬೇಸ್‌ಬಾಲ್ ಮೈದಾನಕ್ಕೆ ಒಣ ಬೂತಾಯಿ

ಬೆಳಿಗ್ಗೆ ಮೈದಾನದ ಗೇಟು ತೆರೆದ ಸಾಂತಪ್ಪ ಒಮ್ಮೆ ಒಳಗೆ ನೋಡಿ ಗೇಟನ್ನು ಮತ್ತೆ ಮುಚ್ಚಿದ. ನಿದ್ದೆಗಣ್ಣಿರಬಹುದು ಎಂದು ಕಣ್ಣುಜ್ಜಿಕೊಂಡು ಇನ್ನೊಮ್ಮೆ ತೆರೆದ. ಬೆಕ್ಕುಗಳು ಅಲ್ಲೇ ಇದ್ದವು. ಕರಿಯದು, ಬಿಳಿಯದು, ಕಿವಿ ಹರಿದದ್ದು, ಬಾಲ ಮುರಿದದ್ದು. ಸೌದಿಯ ದಹ್ರಾನ್‌ನ ಆ ವಸತಿ ಕಂಪೌಂಡಿನಲ್ಲಿ ಇಷ್ಟೊಂದು ಬೆಕ್ಕುಗಳಿವೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಬೇಸ್‌ಬಾಲ್ ಮೈದಾನದ ಬಲಮೂಲೆಯಲ್ಲಿ ಮದುವೆಮನೆಯ ಕೊನೆಯ ಪಂಕ್ತಿಯವರಂತೆ ಸಾಲಾಗಿ ಕುಳಿತು, ಅಕ್ಕಪಕ್ಕ ನೋಡದೆ, ಅವು ಹುಲ್ಲು ಕೆದರುತ್ತಿದ್ದವು.

ಅವು ಹುಡುಕುತ್ತಿದ್ದದ್ದು ಒಣ ಬೂತಾಯಿ ಮೀನು. ಅದನ್ನು ಹಿಂದಿನ ಸಂಜೆ ಅಲ್ಲಿ ಹೂತಿಟ್ಟವನು ಸಾಂತಪ್ಪನೇ.

ಆ ಮೈದಾನದ ಹುಲ್ಲಿಗೆ ನೀರು ಬಿಡುವುದು, ಹುಲ್ಲು ಕತ್ತರಿಸುವುದು, ಆಟದ ದಿನ ಬಿಳಿ ಗೆರೆ ಎಳೆಯುವುದು ಅವನ ಕೆಲಸ. ಆಟ ಮಾತ್ರ ಅವನಿಗೆ ಇನ್ನೂ ತಲೆಗೆ ಹೋಗಿರಲಿಲ್ಲ. ಚೆಂಡಿಗೆ ಹೊಡೆದವನು ಬ್ಯಾಟನ್ನು ಅಲ್ಲೇ ಬಿಸಾಡಿ ಓಡುವುದನ್ನು ಕಂಡಾಗಲೆಲ್ಲ, ಪಡುಬಿದ್ರಿಯ ಗದ್ದೆಯಲ್ಲಿ ಕ್ರಿಕೆಟ್ ಆಡಿ ಬೆಳೆದ ಅವನಿಗೆ ಹಿಂದಿನಿಂದ ಓಡಿಹೋಗಿ ಬ್ಯಾಟು ಕೊಟ್ಟು ಬರಬೇಕು ಅನ್ನಿಸುತ್ತಿತ್ತು.

ಎರಡು ತಿಂಗಳಿಂದ ಆ ಹುಲ್ಲಿಗೆ ಗೊಬ್ಬರ ಬಿದ್ದಿರಲಿಲ್ಲ. ಮೈದಾನಕ್ಕೆ ನಿಜವಾದ ಹುಲ್ಲೇ ಇರಲಿ ಎಂದು ಅರ್ಧ ಜನ, ಪ್ಲಾಸ್ಟಿಕ್ ಹುಲ್ಲು ಹಾಸಿಬಿಡುವ ಎಂದು ಇನ್ನರ್ಧ ಜನ ಕಂಪೌಂಡಿನ ಕ್ರೀಡಾ ಸಮಿತಿಯಲ್ಲಿ ಎಳೆದಾಡುತ್ತಿದ್ದರು. ತೀರ್ಮಾನ ಆಗುವವರೆಗೆ ಗೊಬ್ಬರ ತರಿಸುವುದು ಬೇಡ ಎಂದು ಸಾಂತಪ್ಪನ ಗುತ್ತಿಗೆ ಕಂಪನಿ ಹೇಳಿತು. ಗೊಬ್ಬರವಿಲ್ಲದೆ ಹುಲ್ಲು ಹಳದಿಯಾಯಿತು. ಹಳದಿ ಹುಲ್ಲನ್ನು ನೋಡಿ ಪ್ಲಾಸ್ಟಿಕ್ಕೇ ವಾಸಿ ಎನ್ನುವವರು ಹೆಚ್ಚಾದರು. ಸಮಿತಿಗಳು ಕೆಲಸ ಮಾಡುವುದೇ ಹೀಗೆ.

ಪ್ಲಾಸ್ಟಿಕ್ ಬಂದರೆ ಸಾಂತಪ್ಪನಿಗೆ ಇಲ್ಲಿ ಕೆಲಸವಿಲ್ಲ, ಹಫ್ರ್ ಅಲ್ ಬಾತಿನ್‌ಗೆ ಹೋಗಬೇಕಾಗುತ್ತದೆ ಎಂದು ಸೂಪರ್‌ವೈಸರ್ ಅಬ್ದುಲ್ ಸಮದ್ ಮೊದಲೇ ತಿಳಿಸಿದ್ದರು. ಹಫ್ರ್ ಅಲ್ ಬಾತಿನ್ ಎಂದರೆ ಬಸ್ಸಿನಲ್ಲಿ ಅರ್ಧ ದಿನದ ದಾರಿ. ಊರಿನ ಬಗ್ಗೆ ಸಾಂತಪ್ಪನಿಗೆ ತಕರಾರಿರಲಿಲ್ಲ. ಮರಳು ಎಲ್ಲ ಕಡೆಯೂ ಮರಳೇ. ಆದರೆ ಹೆಂಡತಿ ವಾರಿಜಾ ಇದ್ದದ್ದು ಖೋಬಾರ್‌ನಲ್ಲಿ, ಕಂಪೌಂಡಿನಿಂದ ಕೂಗಿದರೆ ಕೇಳುವಷ್ಟು ಹತ್ತಿರ.

ಮದುವೆಯಾದ ಮೇಲೆ ಮೊನ್ನೆಮೊನ್ನೆಯವರೆಗೆ ಅವರಿಬ್ಬರು ರಜೆಯಲ್ಲಿ ಮಾತ್ರ ಗಂಡ ಹೆಂಡತಿ. ಉಳಿದ ಕಾಲವೆಲ್ಲ ಫೋನಿನೊಳಗಿನ ಇಬ್ಬರು ಒಳ್ಳೆಯ ಪರಿಚಯಸ್ಥರು. ವಾರಿಜಾ ಉಡುಪಿಯಲ್ಲಿ ನರ್ಸ್ ಆಗಿದ್ದಳು. ವರ್ಷಗಟ್ಟಲೆ ಪರೀಕ್ಷೆ, ಸರ್ಟಿಫಿಕೇಟು, ಏಜೆಂಟು ಎಂದು ಅಲೆದು ಕೊನೆಗೆ ಖೋಬಾರ್‌ನ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಈ ಬೇಸಿಗೆಯಲ್ಲಿ ಬಂದಿದ್ದಳು. ಈಗ ಇಬ್ಬರಿಗೂ ಸೇರಿ ಒಂದು ಕೋಣೆ, ಒಂದು ಅಡುಗೆಮನೆ, ಒಂದು ಏಸಿ. ಆ ಏಸಿಯನ್ನು ಎಷ್ಟಕ್ಕೆ ಇಡಬೇಕು ಎಂದು ಇಬ್ಬರಿಗೂ ಪ್ರತಿ ರಾತ್ರಿ ಜಗಳವಾಗುತ್ತಿತ್ತು. ಫೋನಿನಲ್ಲಿ ಜಗಳ ಆಡಲು ಅವರಿಗೆ ಯಾವತ್ತೂ ಮನಸ್ಸು ಬಂದಿರಲಿಲ್ಲ. ಇದ್ದ ಹತ್ತು ನಿಮಿಷ ಅದಕ್ಕೇ ಹೋಗುತ್ತದಲ್ಲ ಎಂದು. ಹಾಗಾಗಿ ಹೊಸದಾಗಿ ಸಿಕ್ಕಿದ ಈ ಜಗಳವನ್ನು ಅವರು ಬಹಳ ಜೋಪಾನವಾಗಿ, ದಿನಕ್ಕೆ ಸ್ವಲ್ಪ ಸ್ವಲ್ಪವೇ ಆಡುತ್ತಿದ್ದರು.

ಬೂತಾಯಿ ಬಂದದ್ದು ವಾರಿಜಾಳ ಸಾಮಾನಿನ ಜೊತೆಗೆ. ಅವಳ ಅಮ್ಮ ಒಣಗಿಸಿ ಕಟ್ಟಿಕೊಟ್ಟದ್ದು. ಮಳೆಗಾಲ ಕಳೆದು ಬಲೆಗೆ ಬೂತಾಯಿ ರಾಶಿ ಬಿದ್ದಾಗ ಊರಿನಲ್ಲಿ ತಿಂದು ಉಳಿದದ್ದನ್ನು ತೆಂಗಿನ ಬುಡಕ್ಕೆ ಹಾಕುತ್ತಾರೆ. ತೆಂಗು ಮುಂದಿನ ವರ್ಷ ಅದಕ್ಕೆ ಉತ್ತರ ಕೊಡುತ್ತದೆ. ತೆಂಗಿಗೆ ಆಗುವುದು ಹುಲ್ಲಿಗೆ ಯಾಕೆ ಆಗಬಾರದು ಎಂದು ಸಾಂತಪ್ಪ ಯೋಚಿಸಿದ. ಅಡುಗೆಮನೆಯ ಡಬ್ಬದಿಂದ ಅಷ್ಟನ್ನೂ ತಂದು, ಹೆಚ್ಚು ಹಳದಿಯಾಗಿದ್ದ ಮೂಲೆಯಲ್ಲಿ ಹೂತ. ಸಮಿತಿ ಬರುವುದು ಮುಂದಿನ ವಾರ. ಅಷ್ಟರಲ್ಲಿ ಹಸಿರಾದರೂ ಆದೀತು.

ತೆಂಗಿನ ಬುಡಕ್ಕೆ ಮೂರಡಿ ಗುಂಡಿ ತೆಗೆಯುತ್ತಾರೆ ಎನ್ನುವುದು ಅವನಿಗೆ ಈಗ, ಬೆಕ್ಕುಗಳನ್ನು ನೋಡಿದ ಮೇಲೆ ನೆನಪಾಯಿತು.

ಫೋನ್ ಬಂತು. ಅಬ್ದುಲ್ ಸಮದ್.

"ಸಾಂತಪ್ಪ, ಸಮಿತಿ ಇವತ್ತೇ ಬರ್ತದೆ. ಸಂಜೆ ನಾಲ್ಕಕ್ಕೆ. ಪ್ಲಾಸ್ಟಿಕ್ ಕಂಪನಿಯವನೂ ರಿಯಾದಿಂದ ಹೊರಟಾಯ್ತು. ನೋಡಿ, ಮುಟ್ಟಿ, ಅಲ್ಲೇ ಕೈಯೆತ್ತಿ ತೀರ್ಮಾನ ಮಾಡ್ತಾರಂತೆ. ಮೈದಾನ ಸರಿ ಉಂಟಲ್ಲ?"

"ಉಂಟು ಸಮದ್ ಭಾಯ್."

"ಹಿಂದೆ ಎಂತದು ಶಬ್ದ, ಮಗು ಅತ್ತ ಹಾಗೆ?"

"ಸ್ಪ್ರಿಂಕ್ಲರ್. ಎಣ್ಣೆ ಹಾಕ್ಬೇಕು."

ಸ್ಟೋರ್ ನೋಡಿಕೊಳ್ಳುವ ಮುಸ್ತಫಾ ಅಷ್ಟರಲ್ಲಿ ಸ್ಯಾಂಡ್‌ವಿಚ್ ಮೆಲ್ಲುತ್ತ ಬಂದು ಬೇಲಿಗೆ ಒರಗಿ ನಿಂತಿದ್ದ. ಉಳ್ಳಾಲದವನು. ಯಾರ ಕಷ್ಟಕ್ಕಾದರೂ ತಕ್ಷಣ ಒಂದು ಉಪಾಯ ಹೇಳುವವನು; ಹೇಳಿದ ಉಪಾಯ ಕೆಟ್ಟರೆ ಅದಕ್ಕೆ ಇನ್ನೊಂದು ಹೇಳುವಷ್ಟು ಒಳ್ಳೆಯವನು.

"ಎಂತ ಮಾರಾಯ ಇದು, ಬೆಕ್ಕುಗಳಿಗೆ ಕೋಚಿಂಗ್ ಕೊಡ್ತಾ ಇದ್ದೀಯಾ?"

ಸಾಂತಪ್ಪ ವಿಷಯ ಹೇಳಿದ. ಮುಸ್ತಫಾ ಸ್ಯಾಂಡ್‌ವಿಚ್ ನುಂಗಿದ.

"ಬೂತಾಯಿಯನ್ನಾ? ಊರಿಂದ ಬಂದ ಬೂತಾಯಿಯನ್ನು ಮಣ್ಣಿಗೆ ಹಾಕಿದೆಯಾ? ನನ್ನ ಹತ್ರ ಒಂದು ಮಾತು ಕೇಳ್ಬಹುದಿತ್ತಲ್ಲ. ನಾನು ತಿಂದು ಬಂದು ಈ ಹುಲ್ಲಿನ ಮೇಲೆ ನಿಲ್ತಿದ್ದೆ."

"ಈಗ ಎಂತ ಮಾಡುದು ಹೇಳು."

"ಬೆಕ್ಕಿಗೆ ನೀರು ಆಗ್ಲಿಕ್ಕಿಲ್ಲ. ಸ್ಪ್ರಿಂಕ್ಲರ್ ಬಿಡು."

ಮಾತು ಸರಿಯಾಗಿಯೇ ಇತ್ತು. ಸ್ಪ್ರಿಂಕ್ಲರ್ ತಿರುಗಿದ ಕೂಡಲೇ ಬೆಕ್ಕುಗಳು ಬೇಲಿ ಹಾರಿ ಮಾಯವಾದವು. ಸಾಂತಪ್ಪ ಉಸಿರು ಬಿಟ್ಟ. ಮತ್ತೆ ಎಳೆದುಕೊಳ್ಳುವಾಗ ಗೊತ್ತಾಯಿತು. ಒಣಗಿದ ಬೂತಾಯಿ ಬಿಸಿಲಿನಲ್ಲಿ ನೀರು ಕುಡಿದು ಎದ್ದಿತ್ತು. ಮಲ್ಪೆ ಬಂದರಿನಲ್ಲಿ ಬೋಟುಗಳೆಲ್ಲ ಒಟ್ಟಿಗೆ ಬಂದು ನಿಂತ ದಿನದ ವಾಸನೆ ಕಂಪೌಂಡಿನ ಬೀದಿಯಿಂದ ಬೀದಿಗೆ, ಹೂಗಿಡ, ಈಜುಕೊಳ, ಟೆನ್ನಿಸ್ ಕೋರ್ಟು ಎಂದು ಭೇದ ಮಾಡದೆ ಸುತ್ತಾಡಲು ಹೊರಟಿತು.

"ಒಳ್ಳೆ ವಾಸನೆ ಅಲ್ವಾ," ಎಂದ ಮುಸ್ತಫಾ ಕಣ್ಣು ಮುಚ್ಚಿ. "ಅಮ್ಮನ ನೆನಪಾಯ್ತು."

ಆಗ ವಾರಿಜಾ ಫೋನ್ ಮಾಡಿದಳು. ಆಸ್ಪತ್ರೆಯಲ್ಲಿ ಚಹಾ ಕುಡಿಯುವ ಹೊತ್ತು.

"ಹೌದಾ, ಒಣಮೀನಿನ ಡಬ್ಬ ಖಾಲಿ ಉಂಟಲ್ಲ?"

ಸಾಂತಪ್ಪ ಸುಳ್ಳು ಹೇಳಲು ಬಾರದವನು. "ಬೆಕ್ಕು ತಿಂತು," ಎಂದ.

"ನಮ್ಮದು ಮೂರನೇ ಮಾಳಿಗೆ."

"ಹೌದು."

ಬೆಕ್ಕಿನ ಮಾತನ್ನು ವಾರಿಜಾ ಅಲ್ಲಿಗೇ ಬಿಟ್ಟಳು. ಆಮೇಲೆ ಅವಳ ಸ್ವರ ಮೆತ್ತಗಾಯಿತು. "ನಿಮ್ಮ ಮೀಟಿಂಗು ಇವತ್ತೇ ಅಂತೆ. ಮುಸ್ತಫಣ್ಣ ಮೆಸೇಜ್ ಹಾಕಿದ್ರು. ಹುಲ್ಲು ಹೇಗುಂಟು?"

ಸಾಂತಪ್ಪ ಹುಲ್ಲನ್ನು ನೋಡಿದ. ಹಂದಿ ಹೊಕ್ಕ ಗೆಣಸಿನ ಗದ್ದೆಯ ಹಾಗಿತ್ತು. "ಗೆಲ್ತದೆ," ಎಂದ.

"ಸರಿ," ಎಂದಳು ವಾರಿಜಾ. "ಟೆನ್ಶನ್ ಮಾಡ್ಬೇಡಿ. ಎಂತಾದರೂ ಒಂದು ದಾರಿ ಇರ್ತದೆ." ಫೋನ್ ಇಟ್ಟಳು.

ವಾಸನೆಯ ಜಾಡು ಹಿಡಿದು ಮೊದಲು ಬಂದವರು ಝಾಹಿದಾ. ಮಂಗಳೂರಿನ ಬಂದರಿನವರು, ಕಂಪೌಂಡಿನ ಎಂಜಿನಿಯರೊಬ್ಬರ ಹೆಂಡತಿ, ಕ್ರೀಡಾ ಸಮಿತಿಯ ಸದಸ್ಯೆ. ಅವರ ಮಗಳು ಬಹರೈನಿನ ಪ್ಲಾಸ್ಟಿಕ್ ಮೈದಾನದಲ್ಲಿ ಬಿದ್ದು ಮೊಣಕಾಲು ಸುಲಿದುಕೊಂಡ ಮೇಲೆ ಅವರು ನಿಜವಾದ ಹುಲ್ಲಿನ ಪಕ್ಷ.

"ಸಾಂತಪ್ಪಣ್ಣ, ಇದು ಬೂತಾಯಿ ಅಲ್ವಾ? ಸುಳ್ಳು ಹೇಳ್ಬೇಡಿ. ನಾನು ಹುಟ್ಟಿದ್ದು ಮೀನಿನ ಬೋಟು ನಿಲ್ಲುವ ಧಕ್ಕೆಯ ಎದುರಿನ ಮನೆಯಲ್ಲಿ."

ಸಾಂತಪ್ಪ ತಲೆ ತಗ್ಗಿಸಿದ.

"ನನ್ನ ಪಕ್ಕದ ಮನೆಯ ಲೇಡಿ ಗ್ಯಾಸ್ ಲೀಕ್ ಅಂತ ಸೇಫ್ಟಿಯವರಿಗೆ ಕಂಪ್ಲೇಂಟ್ ಕೊಡ್ಲಿಕ್ಕೆ ಹೊರಟಿದ್ಳು. ನಾನು ತಡೆದು ಬಂದೆ. ನಾಲ್ಕು ಗಂಟೆಗೆ ಸಮಿತಿಯ ಅಧ್ಯಕ್ಷರು ಡಾಲ್ಟನ್ ಬರ್ತಾರೆ. ಹುಲ್ಲು ಅಂದರೆ ಈ ವಾಸನೆ ಅಂತ ಅವರು ತಿಳ್ಕೊಂಡರೆ ಮುಗೀತು. ಪ್ಲಾಸ್ಟಿಕ್ ಗ್ಯಾರಂಟಿ."

"ಎಂತ ಮಾಡುದು ಮೇಡಂ?"

"ಬಖೂರ್ ಹಾಕುವ," ಎಂದರು ಝಾಹಿದಾ.

ಅತಿಥಿಗಳು ಬಂದಾಗ ಮನೆಯಲ್ಲಿ ಹಾಕುವ ಆ ಧೂಪವನ್ನು, ಕೆಂಡದ ಪಾತ್ರೆಯ ಸಮೇತ ಅವರೇ ಕಾರಿನಲ್ಲಿ ತಂದರು. ಸಾಂತಪ್ಪ ಒಂದು ಪಾತ್ರೆ, ಮುಸ್ತಫಾ ಒಂದು ಪಾತ್ರೆ ಹಿಡಿದು ಮೈದಾನಕ್ಕೆ ಸುತ್ತು ಬಂದರು. ಮೂರನೆಯ ಸುತ್ತಿನ ಹೊತ್ತಿಗೆ ಮೀನಿನ ವಾಸನೆ ಹೋಗಿರಲಿಲ್ಲ, ಬಖೂರಿನ ವಾಸನೆ ಸೇರಿಕೊಂಡಿತ್ತು. ಮೀನು ಮಾರುಕಟ್ಟೆಯ ಒಳಗೆ ಯಾರೋ ಶ್ರೀಮಂತರು ಮದುವೆ ಇಟ್ಟುಕೊಂಡ ಹಾಗಾಯಿತು.

"ಮೊದಲಿಗಿಂತ ವಾಸಿ," ಎಂದರು ಝಾಹಿದಾ, ಮೂಗಿಗೆ ಶಾಲು ಒತ್ತಿಕೊಂಡು. "ಕೇಳಿದರೆ ನೀರಿನ ವಾಸನೆ ಅನ್ನಿ. ಹೇಗೂ ಹುಲ್ಲಿಗೆ ಬಿಡುವುದು ಚರಂಡಿ ನೀರನ್ನು ಕ್ಲೀನ್ ಮಾಡಿದ್ದಲ್ವಾ. ಯಾರೂ ಹೆಚ್ಚು ವಿಚಾರಿಸ್ಲಿಕ್ಕೆ ಹೋಗುದಿಲ್ಲ."

ವಾಸನೆಗೆ ಸಮಾಧಾನ ಸಿಕ್ಕಿತು, ಗುಂಡಿಗಳಿಗೆ ಸಿಗಲಿಲ್ಲ. ಬಲಮೂಲೆಯಲ್ಲಿ ಮಣ್ಣು ಬಾಯಿ ತೆರೆದು ಬಿದ್ದಿತ್ತು. ಮಧ್ಯಾಹ್ನ ಕಳೆದಿತ್ತು. ಇನ್ನೊಂದು ಕಡೆಯ ಹುಲ್ಲು ಕಿತ್ತು ತಂದು ನೆಡಲು ಸಮಯವಿರಲಿಲ್ಲ, ನೆಟ್ಟರೂ ಬಿಸಿಲಿಗೆ ಮಲಗಿಬಿಡುತ್ತಿತ್ತು.

ಮುಸ್ತಫಾ ಮೆಲ್ಲಗೆ ಹತ್ತಿರ ಬಂದ. "ಸ್ಟೋರಲ್ಲಿ ಒಂದು ಸಾಮಾನು ಉಂಟು. ಹೇಳಿದರೆ ನೀನು ಬಯ್ತೀಯ."

"ಹೇಳು."

"ಪ್ಲಾಸ್ಟಿಕ್‌ನವರು ಸ್ಯಾಂಪಲ್ ಹಾಸಿದ್ದಾರಲ್ಲ, ಆ ಶೆಡ್ಡಿನ ಹತ್ರ. ಅದರದ್ದು ಕತ್ತರಿಸಿ ಉಳಿದ ತುಂಡುಗಳು. ಒಳ್ಳೆ ಹಸಿರು."

ಸಾಂತಪ್ಪ ಅವನನ್ನೇ ನೋಡಿದ. "ನಿಜವಾದ ಹುಲ್ಲು ಗೆಲ್ಲಲಿಕ್ಕೆ ಪ್ಲಾಸ್ಟಿಕ್ ಹಾಕುದಾ?"

"ಹಲ್ಲು ಬಿದ್ದರೆ ಕಟ್ಟಿಸಿಕೊಳ್ಳುದಿಲ್ವಾ? ಬಾಯಿ ನಮ್ಮದೇ ಅಲ್ವಾ?"

ಸಾಂತಪ್ಪ ಒಪ್ಪಲಿಲ್ಲ. ಬೇಲಿಯ ನೆರಳಿನಲ್ಲಿ ಕುಳಿತ. ರಾತ್ರಿ ಊಟವಾದ ಮೇಲೆ ವಾರಿಜಾ ಕಾಲು ಚಾಚಿ ಕುಳಿತು ಆಸ್ಪತ್ರೆಯ ರೋಗಿಗಳ ಕಥೆ ಹೇಳುತ್ತ ಹೇಳುತ್ತ ಅರ್ಧ ವಾಕ್ಯದಲ್ಲಿ ನಿದ್ದೆ ಹೋಗುವುದು ಅವನಿಗೆ ನೆನಪಾಯಿತು. ಆ ಅರ್ಧ ವಾಕ್ಯಗಳು ಮುಂದೇನಾದವು ಎಂದು ಮರುದಿನ ಕೇಳುವುದು ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು. ಹಫ್ರ್ ಅಲ್ ಬಾತಿನ್‌ನ ಲೇಬರ್ ಕ್ಯಾಂಪಿನಲ್ಲಿ ಕಥೆಗಳಿಗೆ ಕೊರತೆ ಇರಲಾರದು. ಆದರೆ ಅಲ್ಲಿ ಎಲ್ಲರೂ ವಾಕ್ಯ ಮುಗಿಸಿಯೇ ಮಲಗುತ್ತಾರೆ.

ಎದ್ದು ಬಂದು, "ತಾ," ಎಂದ.

ತುಂಡುಗಳನ್ನು ಗುಂಡಿಗಳ ಮೇಲೆ ಹಾಸಿ, ಅಂಚಿಗೆ ಮೊಳೆ ಹೊಡೆದು, ಮೇಲೆ ಸ್ವಲ್ಪ ಮಣ್ಣು, ಸ್ವಲ್ಪ ಕತ್ತರಿಸಿದ ಹುಲ್ಲು ಚೆಲ್ಲಿದರು. ದೂರದಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಹತ್ತಿರದಿಂದ ನೋಡಿದರೆ ಮೈದಾನದಲ್ಲಿ ಆರೋಗ್ಯವಾಗಿದ್ದದ್ದು ಆ ಭಾಗ ಮಾತ್ರ.

ನಾಲ್ಕು ಗಂಟೆಗೆ ಸಮಿತಿ ಬಂತು. ಮುಂದೆ ಅಧ್ಯಕ್ಷ ಡಾಲ್ಟನ್, ಅಮೆರಿಕದ ಎಂಜಿನಿಯರ್, ಬಾಗಿಲ ಚೌಕಟ್ಟಿನಂಥ ಆಳು. ಚಿಕ್ಕಂದಿನಲ್ಲಿ ಈ ಆಟವನ್ನು ಚೆನ್ನಾಗಿ ಆಡಿದವರು. ಪಕ್ಕದಲ್ಲಿ ಪ್ಲಾಸ್ಟಿಕ್ ಹುಲ್ಲಿನ ಕಂಪನಿಯ ಹುಝೈಫಾ, ಆ ಬಿಸಿಲಿನಲ್ಲೂ ಕೋಟು. ಹಿಂದೆ ಝಾಹಿದಾ ಮತ್ತಿತರರು. ಎಲ್ಲರಿಗಿಂತ ಹಿಂದೆ, ಮುಖದಲ್ಲಿ ಆಗಲೇ ಕ್ಷಮೆ ಕೇಳುವ ಕಳೆ ತಂದುಕೊಂಡು, ಅಬ್ದುಲ್ ಸಮದ್.

ಡಾಲ್ಟನ್ ಗಾಳಿಯನ್ನು ಎರಡು ಸಲ ಮೂಸಿದರು. ಏನು ಪರಿಮಳ ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ನೀರು," ಎಂದ ಸಾಂತಪ್ಪ.

"ಸ್ಥಳೀಯ ಪದ್ಧತಿ," ಎಂದರು ಝಾಹಿದಾ ಅದೇ ಕ್ಷಣದಲ್ಲಿ.

ಡಾಲ್ಟನ್ ಎರಡನ್ನೂ ಗೌರವದಿಂದ ಒಪ್ಪಿಕೊಂಡರು.

ಮೊದಲು ಎಲ್ಲರೂ ಶೆಡ್ಡಿನ ಪಕ್ಕದ ಪ್ಲಾಸ್ಟಿಕ್ ಸ್ಯಾಂಪಲಿನ ಹತ್ತಿರ ಹೋದರು. ಕತ್ತರಿಸುವುದು ಬೇಡ, ಗೊಬ್ಬರ ಬೇಡ, ವರ್ಷವಿಡೀ ಹಸಿರು ಎಂದು ಹುಝೈಫಾ ಒಂದೊಂದಾಗಿ ಹೇಳುತ್ತಿದ್ದ. ಡಾಲ್ಟನ್ ಬಗ್ಗಿ ಅಂಗೈ ಊರಿದವರು ತಕ್ಷಣ ಎತ್ತಿಕೊಂಡರು. ಇಡೀ ದಿನದ ಬಿಸಿಲು ಕುಡಿದ ಪ್ಲಾಸ್ಟಿಕ್ ದೋಸೆ ಕಲ್ಲಿನಂತಾಗಿತ್ತು. ಹುಝೈಫಾ ನಗುನಗುತ್ತಲೇ ಸಾಂತಪ್ಪನ ಕಡೆ ತಿರುಗಿ, "ಭಾಯ್, ಪಾನಿ ಮಾರೋ," ಎಂದ. ಸಾಂತಪ್ಪ ಪೈಪು ಹಿಡಿದು ನೀರು ಹೊಡೆಯತೊಡಗಿದ. ನೀರಿನ ಸದ್ದಿನಲ್ಲಿ ಡಾಲ್ಟನ್ ಏನೋ ಕೇಳಿದರು, ಹುಝೈಫಾ ಉತ್ಸಾಹದಿಂದ ಏನೋ ಉತ್ತರ ಕೊಟ್ಟ, ನಡುನಡುವೆ ಸಾಂತಪ್ಪನ ಕಡೆಗೇ ಕೈ ತೋರಿಸಿದ. ಸಾಂತಪ್ಪನಿಗೆ ಅದೊಂದೂ ಕೇಳಲಿಲ್ಲ. ತನ್ನನ್ನು ಇಲ್ಲಿಂದ ಓಡಿಸಲು ಬಂದ ಹುಲ್ಲನ್ನು ತಾನೇ ತಣ್ಣಗೆ ಮಾಡುತ್ತಿದ್ದೇನೆ ಎಂದಷ್ಟೇ ಅವನು ಯೋಚಿಸುತ್ತಿದ್ದ.

ಆಮೇಲೆ ನಿಜವಾದ ಹುಲ್ಲಿನ ಸರದಿ. ಗುಂಪು ಮೈದಾನದ ನಡುವಿಗೆ ಬರುವಾಗ ಸಾಂತಪ್ಪ ಬಲಮೂಲೆಯ ಕಡೆ ನೋಡಿದ. ಸ್ಪ್ರಿಂಕ್ಲರ್ ನಿಂತು ಗಂಟೆಗಳಾಗಿದ್ದವು. ನೀರು ಆರಿತ್ತು. ಬೆಕ್ಕುಗಳು ಒಂದೊಂದಾಗಿ ಬೇಲಿ ದಾಟಿ ಬಂದು ಬಲಮೂಲೆಯಲ್ಲಿ ಮೊದಲಿನ ಜಾಗಗಳಲ್ಲೇ ಕುಳಿತಿದ್ದವು. ಕಿವಿ ಹರಿದದ್ದು ಪ್ಲಾಸ್ಟಿಕ್ ತುಂಡಿನ ಮೇಲೆಯೇ ಮೈ ಚಾಚಿ, ಕೆಳಗಿನ ಬೂತಾಯಿಯ ಮೇಲೆ ಹಕ್ಕು ಸ್ಥಾಪಿಸಿದಂತೆ ಮಲಗಿತ್ತು.

ಹುಝೈಫಾನ ಮುಖ ಅರಳಿತು. ನೋಡಿ, ಇದು ಮೈದಾನವೋ ಬೆಕ್ಕಿನ ಮನೆಯೋ ಎಂದ.

ಡಾಲ್ಟನ್ ಬೆಕ್ಕುಗಳನ್ನು ನೋಡಿದರು. ತಿರುಗಿ ಶೆಡ್ಡಿನ ಬಳಿಯ ಸ್ಯಾಂಪಲನ್ನು ನೋಡಿದರು. ಅಲ್ಲಿ ಒಂದು ನೊಣವೂ ಇರಲಿಲ್ಲ. ಮತ್ತೆ ಬೆಕ್ಕುಗಳನ್ನು ನೋಡಿ, ನಿಧಾನವಾಗಿ ಏನೋ ಹೇಳಿದರು. ಝಾಹಿದಾ ಸಾಂತಪ್ಪನ ಕಿವಿಯ ಹತ್ತಿರ ಬಂದು ಕನ್ನಡದಲ್ಲಿ ಪಿಸುಗುಟ್ಟಿದರು: "ಅಷ್ಟು ಬೆಕ್ಕಲ್ಲಿ ಒಂದಾದರೂ ಪ್ಲಾಸ್ಟಿಕ್ ಮೇಲೆ ಕೂತಿದೆಯಾ ಅಂತ ಕೇಳ್ತಾ ಇದ್ದಾರೆ. ಪ್ರಾಣಿಗಳಿಗೆ ನಿಜವಾದ್ದು ಯಾವುದು ಅಂತ ಗೊತ್ತಾಗ್ತದಂತೆ. ಅವರ ಮನೆಯಲ್ಲೂ ಮೂರು ಬೆಕ್ಕು ಉಂಟು."

ಡಾಲ್ಟನ್ ಕಿವಿ ಹರಿದ ಬೆಕ್ಕಿನ ಪಕ್ಕ ಮಂಡಿಯೂರಿದರು. ಬೆಕ್ಕಿನ ತಲೆ ಸವರಿದರು. ಆಮೇಲೆ ಹುಲ್ಲು ಸವರಿದರು. ಸಾಂತಪ್ಪ ಕಣ್ಣು ಮುಚ್ಚಿಕೊಂಡ. ಮುಸ್ತಫಾ ಆಕಾಶ ನೋಡಿದ. ಝಾಹಿದಾ ಒಂದು ಹೆಜ್ಜೆ ಮುಂದೆ ಬಂದು, ಮೇಲೆದ್ದಿದ್ದ ಒಂದು ಅಂಚಿನ ಮೇಲೆ ಚಪ್ಪಲಿ ಊರಿ ನಿಂತರು.

ಮಧ್ಯಾಹ್ನದವರೆಗೆ ಸ್ಟೋರಿನಲ್ಲಿದ್ದು ಈಗ ಬೆಕ್ಕಿನ ನೆರಳಿನಲ್ಲಿದ್ದ ಆ ತುಂಡು ತಣ್ಣಗಿತ್ತು. ದಟ್ಟವಾಗಿತ್ತು, ಒಂದೇ ಸಮನಾಗಿತ್ತು. ಡಾಲ್ಟನ್ ಬಹಳ ಹೊತ್ತು ಹಾಗೇ ಕೈಯಾಡಿಸಿದರು. ಆಮೇಲೆ ಎದ್ದು ನಿಂತರು. ಇಂಥದ್ದನ್ನು ಯಾವ ಕಾರ್ಖಾನೆಯಲ್ಲೂ ಮಾಡಲಾಗುವುದಿಲ್ಲ ಎಂದು ಅವರು ಹುಝೈಫಾನಿಗೆ ಹೇಳಿದರು.

ಹುಝೈಫಾ ಹಲ್ಲು ಕಚ್ಚಿ ಒಪ್ಪಿಕೊಂಡ. ಅದು ಅವನದೇ ಕಾರ್ಖಾನೆಯ ಮಾಲು; ಅವನಿಗೂ ಗೊತ್ತಾಗಲಿಲ್ಲ.

ಕೈಗಳು ಮೇಲೆದ್ದವು. ನಿಜವಾದ ಹುಲ್ಲು ಗೆದ್ದಿತು.

ಎಲ್ಲರೂ ಹೋದ ಮೇಲೆ ಸಾಂತಪ್ಪ ಮೊದಲು ಮಾಡಿದ್ದು ಹೆಂಡತಿಗೆ ಫೋನ್. "ವಾರಿಜಾ, ಹುಲ್ಲು ಗೆದ್ದಿತು."

"ಎಂತ?"

"ಗೆದ್ದಿತು. ಪ್ಲಾಸ್ಟಿಕ್ ಇಲ್ಲ. ಇನ್ನು ಎಲ್ಲಿಗೂ ಹೋಗ್ಲಿಕ್ಕಿಲ್ಲ."

ಅತ್ತ ಕಡೆ ಕುರ್ಚಿ ಸರಿದ ಸದ್ದು ಬಂತು. ಆಮೇಲೆ, "ಅಯ್ಯೋ, ಒಂದು ನಿಮಿಷ ಇರಿ, ನಂಗೆ ಒಂದು ಅರ್ಜೆಂಟ್ ಕೆಲಸ ಉಂಟು," ಎಂದಳು. ಕಾರಿಡಾರಿನಲ್ಲಿ ಅವಳ ಚಪ್ಪಲಿ ಓಡುವ ಸದ್ದು ಕೇಳಿ ಫೋನ್ ನಿಂತಿತು. ಯಾರೋ ರೋಗಿಗೆ ಜೋರಾಗಿರಬೇಕು ಎಂದುಕೊಂಡ ಸಾಂತಪ್ಪ.

ಪೈಪು ಸುತ್ತುತ್ತಿರುವಾಗ ಅಬ್ದುಲ್ ಸಮದ್ ಮರಳಿ ಬಂದರು. ಅವರ ಮುಖ ಅಷ್ಟು ಅಗಲವಾಗುತ್ತದೆ ಎಂದು ಸಾಂತಪ್ಪನಿಗೆ ಗೊತ್ತಿರಲಿಲ್ಲ.

"ಮಬ್ರೂಕ್, ಸಾಂತಪ್ಪ," ಎಂದು ಅಭಿನಂದಿಸಿ ಕೈ ಕುಲುಕಿದರು. "ಡಾಲ್ಟನ್ ಸಾಹೇಬ್ರು ನಿನ್ನ ಹುಲ್ಲು ಮುಟ್ಟಿ ಮರುಳಾಗಿದ್ದಾರೆ. ರಾಸ್ ತನೂರಾದ ಮೈದಾನಕ್ಕೂ ಇದೇ ಬೇಕಂತೆ, ಉಳಿದ ಕ್ಯಾಂಪುಗಳಿಗೂ ಬೇಕಂತೆ. ಅಷ್ಟು ಹುಲ್ಲು ಬೆಳೆಸ್ಲಿಕ್ಕೆ ಇಲ್ಲಿ ಜಾಗ ಎಲ್ಲುಂಟು? ಬೇರೆ ಕಡೆ ಬೆಳೆಸಿ, ಚಾಪೆ ಹಾಗೆ ಸುತ್ತಿ, ಲಾರಿಯಲ್ಲಿ ತರುದು. ಅದಕ್ಕೆ ಇನ್‌ಚಾರ್ಜ್ ನೀನೇ. ಅವರೇ ಹೆಸರು ಕೇಳಿ ಹೇಳಿದ್ದು."

ಸಾಂತಪ್ಪ ಪೈಪು ಸುತ್ತುವುದನ್ನು ನಿಲ್ಲಿಸಿದ. "ಬೇರೆ ಕಡೆ ಅಂದ್ರೆ ಎಲ್ಲಿ ಸಮದ್ ಭಾಯ್?"

"ನಮ್ಮ ಕಂಪನಿ ಜಾಗ ಉಂಟಲ್ಲ. ಹಫ್ರ್ ಅಲ್ ಬಾತಿನ್."

ಪೈಪು ಸಾಂತಪ್ಪನ ಕೈಯಿಂದ ಜಾರಿ ಬಿತ್ತು.

"ಇಲ್ಲಿಯ ಹುಲ್ಲಿಗೆ?"

"ಮುಸ್ತಫಾ ಇದ್ದಾನೆ. ನಲ್ಲಿ ತಿರುಗಿಸ್ಲಿಕ್ಕೆ ಎಂತ ಪಂಡಿತ ಬೇಕಾ? ನಿನ್ನ ಅದೃಷ್ಟ ನೋಡು. ಪ್ಲಾಸ್ಟಿಕ್ ಗೆದ್ದಿದ್ರೆ ನೀನು ಇಲ್ಲೇ ಕೊಳೀಬೇಕಿತ್ತು."

"ಪ್ಲಾಸ್ಟಿಕ್ ಗೆದ್ದಿದ್ರೆ ನಂಗೆ ಇಲ್ಲಿ ಕೆಲಸ ಇಲ್ಲ ಅಂತ ನೀವೇ ಹೇಳಿದ್ದಲ್ವಾ?"

"ಅದು ಮೊದಲಿನ ಮಾತು. ಇವತ್ತು ಆ ಹುಝೈಫಾ ಹೇಳಿದ್ದು ಕೇಳ್ಲಿಲ್ವಾ? ಪ್ಲಾಸ್ಟಿಕ್ ಕಾಯ್ತದಂತೆ, ಆಟಕ್ಕೆ ಮುಂಚೆ ನೀರು ಹೊಡೀಬೇಕು, ಬ್ರಷ್ ಹಾಕ್ಬೇಕು, ಬೆಕ್ಕಿನ ಗಲೀಜು ತೊಳೀಬೇಕು. ಒಬ್ಬ ಖಾಯಂ ಮನುಷ್ಯ ಬೇಕಂತೆ. ನಿನ್ನನ್ನೇ ತೋರಿಸಿ ಹೇಳಿದ, ಇವನೇ ಸಾಕು ಅಂತ. ತಪ್ಪಿತು ನೋಡು."

ಸಾಂತಪ್ಪ ಸುತ್ತ ನೋಡಿ, ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ, "ಸಮದ್ ಭಾಯ್, ಸಾಹೇಬ್ರು ಮುಟ್ಟಿದ ಹುಲ್ಲು ನಾನು ಬೆಳೆಸಿದ್ದಲ್ಲ. ಅದು ಪ್ಲಾಸ್ಟಿಕ್," ಎಂದ.

ಅಬ್ದುಲ್ ಸಮದ್ ಬಲಮೂಲೆ ನೋಡಿದರು. ಅವರ ಮುಖ ಮೊದಲಿನ ಅಗಲಕ್ಕೆ ಇಳಿಯಿತು. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು.

"ನಾನು ಇದನ್ನು ಕೇಳ್ಲಿಲ್ಲ. ಕೇಳಿದ್ರೆ ನಿಂಗೆ ಹಫ್ರ್ ಅಲ್ ಬಾತಿನ್ ಅಲ್ಲ, ಸೀದಾ ಮಂಗಳೂರು ಫ್ಲೈಟು. ಪಕ್ಕದ ಸೀಟಲ್ಲಿ ನಾನು. ನಂಗೆ ಇಬ್ಬರು ಮಕ್ಕಳು ಕಾಲೇಜಿಗೆ ಹೋಗ್ತಾ ಇದ್ದಾರೆ. ಶನಿವಾರ ಗಾಡಿ ಬರ್ತದೆ, ಯಲ್ಲಾ, ಬೇಗ ಸಾಮಾನು ಕಟ್ಟು."

ಸಾಂತಪ್ಪ ಕತ್ತಲಾದ ಮೇಲೆ ಮನೆ ತಲುಪಿದ. ವಾರಿಜಾ ಅವನಿಗಿಂತ ಮೊದಲೇ ಬಂದು ಅಡುಗೆಗೆ ಇಟ್ಟಿದ್ದಳು. ತಲೆಗೆ ನೀರು ಹಾಕಿಕೊಂಡು ಕೂದಲು ಬಿಟ್ಟಿದ್ದಳು. ಅವನಿಗೆ ಚಪ್ಪಲಿ ಬಿಡಲೂ ಕೊಡದೆ ಮಾತು ಶುರುಮಾಡಿದಳು.

"ಒಂದು ವಿಷಯ ಹೇಳ್ತೇನೆ, ಬೈಬಾರ್ದು. ಬೆಳಿಗ್ಗೆ ನೀವು 'ಗೆಲ್ತದೆ' ಹೇಳಿದ್ರಲ್ಲ, ಆ ಸ್ವರ ಕೇಳಿಯೇ ನಂಗೆ ಗೊತ್ತಾಯ್ತು, ಸೋಲ್ತದೆ ಅಂತ. ಸೀದಾ ಮೇಟ್ರನ್ ಹತ್ರ ಹೋದೆ. ನಮ್ಮ ಆಸ್ಪತ್ರೆಯದ್ದು ಹಫ್ರ್ ಅಲ್ ಬಾತಿನ್‌ನಲ್ಲಿ ಒಂದು ಬ್ರಾಂಚ್ ಉಂಟು, ನನ್ನನ್ನು ಅಲ್ಲಿಗೆ ಹಾಕಿ ಅಂತ ಕೇಳಿದೆ. ನೀವು ಎಲ್ಲಿಗೆ ಹೋದರೂ ನಾನೂ ಅಲ್ಲಿಗೇ ಅಂತ."

ಸಾಂತಪ್ಪ ಚಪ್ಪಲಿಯಲ್ಲೇ ನಿಂತ.

"ಅವರು ಆ ಕ್ಷಣವೇ ಒಪ್ಪಿದ್ರು. ಒಂದೇ ಜಾಗ ಖಾಲಿ ಇದ್ದದ್ದು. ನಂಗೆ ಸಮಾಧಾನ ಆಯ್ತು. ಅಷ್ಟರಲ್ಲಿ ನೀವು ಫೋನ್ ಮಾಡಿದ್ರಲ್ಲ, ಗೆದ್ದಿತು ಅಂತ. ನಾನು ಓಡಿದ್ದೇ ಓಡಿದ್ದು. ಅವರು ಮನೆಗೆ ಹೊರಟು ಕಾರಿನ ಬಾಗಿಲು ತೆಗ್ದಿದ್ರು. ಬೇಡ ಮೇಡಂ, ಬೇಡ, ನಾನು ಎಲ್ಲಿಗೂ ಹೋಗುದಿಲ್ಲ ಅಂದೆ. ನಕ್ಕುಬಿಟ್ರು. ಹಫ್ರ್ ಅಲ್ ಬಾತಿನ್‌ಗೆ ಯಾರಾದರೂ ಇಷ್ಟಪಟ್ಟು ಹೋಗ್ತಾರಾ ಅಂತ ಬೆಳಿಗ್ಗೆಯೇ ಅನ್ನಿಸಿತ್ತಂತೆ ಅವರಿಗೆ. ನೀವೇ ಹೇಳಿ, ಯಾರು ಹೋಗ್ತಾರೆ?"

ಸಾಂತಪ್ಪ ಕೈಯೆತ್ತಿದ.

ವಾರಿಜಾ ನಕ್ಕಳು. ಆಮೇಲೆ ಅವನ ಮುಖ ನೋಡಿ ನಗು ನಿಲ್ಲಿಸಿದಳು. ಸಾಂತಪ್ಪ ಚಪ್ಪಲಿ ಬಿಟ್ಟು, ನೆಲದ ಮೇಲೆ ಕುಳಿತು, ಬೆಕ್ಕಿನಿಂದ ಹಿಡಿದು ಶನಿವಾರದ ಗಾಡಿಯವರೆಗೆ ಎಲ್ಲವನ್ನೂ ಹೇಳಿದ. ಬೂತಾಯಿಯ ವಿಷಯವನ್ನೂ ಬಿಡಲಿಲ್ಲ. ಅವಳು ಒಲೆ ಆರಿಸಿ ಬಂದು ಪಕ್ಕದಲ್ಲಿ ಕುಳಿತು ಕೇಳಿದಳು.

"ನಾಳೆ ಹೋಗಿ ಮತ್ತೆ ಕೇಳಿದ್ರೆ?" ಎಂದ ಸಾಂತಪ್ಪ. "ಆ ಜಾಗ ಇನ್ನೂ ಖಾಲಿ ಉಂಟಲ್ಲ?"

ವಾರಿಜಾ ತಲೆಯಾಡಿಸಿದಳು. "ನಾನು ಬೇಡ ಹೇಳುವಾಗ ಜಸ್ನಾ ಅಲ್ಲೇ ಇದ್ದಳು. ನಮ್ಮ ವಾರ್ಡಿನವಳು, ಮಂಜೇಶ್ವರದವಳು. ಅವಳ ಗಂಡ ಹಫ್ರ್ ಅಲ್ ಬಾತಿನ್‌ನಲ್ಲೇ ಬಕಾಲಾ ಅಂಗಡಿಯಲ್ಲಿ ಕೆಲಸಕ್ಕಿರುದು. ಕಳೆದ ವರ್ಷದಿಂದ ಆ ಜಾಗಕ್ಕೆ ಕಾಯ್ತಾ ಇದ್ದಳಂತೆ. ಬೆಳಿಗ್ಗೆ ನಾನು ಮಧ್ಯೆ ನುಗ್ಗಿದ್ದಕ್ಕೆ ಬಾತ್‌ರೂಮಲ್ಲಿ ಕೂತು ಅತ್ತಿದ್ದಳಂತೆ, ನಂಗೆ ಗೊತ್ತೇ ಇರ್ಲಿಲ್ಲ. ಸಂಜೆ ಅವಳಿಗೆ ಸಿಕ್ಕಿತು. ನನ್ನ ಕೈ ಹಿಡ್ಕೊಂಡು ಬಿಡ್ಲೇ ಇಲ್ಲ. ನಾನು ಬಸ್ಸಿಗೆ ನಿಂತಿರುವಾಗ ಓಡಿ ಬಂದು ಇದನ್ನು ಕೊಟ್ಟು ಹೋದಳು."

ಮೇಜಿನ ಮೇಲೆ ಬಸ್ಬೂಸಾದ ಡಬ್ಬ ಇತ್ತು. ಸಕ್ಕರೆ ಪಾಕದಲ್ಲಿ ನೆನೆದ ರವೆಯ ಸಿಹಿ, ಒಂದೊಂದರ ಮೇಲೂ ಒಂದೊಂದು ಬಾದಾಮಿ.

ಇಬ್ಬರೂ ಡಬ್ಬವನ್ನು ನೋಡಿದರು. ಜಸ್ನಾಳಿಗೆ ಸಿಕ್ಕಿದ ಜಾಗ ಮರಳಿ ಕೇಳುವಂಥದ್ದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ವಾರಿಜಾ ಎದ್ದು ಡಬ್ಬ ತಂದು ಮುಚ್ಚಳ ತೆಗೆದಳು. ಸಾಂತಪ್ಪ ಒಂದು ತೆಗೆದುಕೊಂಡ, ಅವಳೊಂದು ತೆಗೆದುಕೊಂಡಳು. ಚೆನ್ನಾಗಿತ್ತು. ಇನ್ನೂ ಒಂದೊಂದು ತಿಂದರು. ಅನ್ನ ಆರುತ್ತಿತ್ತು, ಯಾರೂ ಏಳಲಿಲ್ಲ.

ಕೊನೆಗೆ ಡಬ್ಬದಲ್ಲಿ ಒಂದು ಉಳಿಯಿತು. ಸಾಂತಪ್ಪ ಅದನ್ನು ಅವಳ ಕಡೆ ಸರಿಸಿದ. ವಾರಿಜಾ ಕಣ್ಣು ಒರೆಸಿಕೊಂಡು, ಅದನ್ನು ಮತ್ತೆ ಅವನ ಕಡೆಗೇ ತಳ್ಳಿದಳು.

"ನೀವೇ ತಿನ್ನಿ," ಎಂದಳು. "ಗೆದ್ದದ್ದು ನಿಮ್ಮ ಹುಲ್ಲಲ್ವಾ."